ಆಕಾಶದ ಮೇಲೆ ಆರ್ಕೆಸ್ಟ್ರಾಗೆ ಹತ್ತು ನಿಮಿಷದ ಕೃತಿ: ಎಲ್ಲಿಂದ ಹಿಡೀಬೇಕು?

ಬಾಣೇರ್ ಪಿಟೀಲು

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮದೊಂದು ಹವ್ಯಾಸಿ ವೃಂದ ಇದೆ, ಮೂವತ್ತೈದು ನಲವತ್ತು ಜನ. ಪಿಟೀಲು, ವಿಯೋಲ, ಚೆಲೋದವರೇ ಜಾಸ್ತಿ. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್ ಎರಡೆರಡು, ಹಾರ್ನ್ ಎರಡು, ತಾಳವಾದ್ಯಕ್ಕೆ ಇಬ್ಬರು. ಟ್ರಂಬೋನ್ ಬೇಕಾದಾಗ ಗೋವಾದಿಂದ ಕರೆಸ್ತೀವಿ. ಬರೋ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಒಂದು ಕಛೇರಿ ಇದೆ, ಅದಕ್ಕೆ ಹೊಸ ಕೃತಿ ಬರೆಯೋದು ನನ್ನ ತಲೆಗೆ ಬಂದಿದೆ. ವಿಷಯ ಆಕಾಶ. ಇಷ್ಟೇ ಹೇಳಿದ್ದಾರೆ.

ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿರೋ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ನೋಡಿದಾಗಿನಿಂದ, ಗಡಿಯಾರದ ಹಾಗೆ ರೇಡಿಯೋ ಮಿಡಿತ ಕಳಿಸೋ ನಕ್ಷತ್ರಗಳಾದ ಪಲ್ಸಾರ್‌ಗಳ ಹುಚ್ಚು ಹಿಡಿದಿದೆ. ಒಂದು ಪಲ್ಸಾರಿನ ದತ್ತಾಂಶ ತಗೊಂಡು, ಒಂದೊಂದು ಮಿಡಿತದ ಬಲವನ್ನ ಒಂದೊಂದು ಸ್ವರಕ್ಕೆ ಹೊಂದಿಸಿ ಸ್ವರ ಬರೆಯೋ ತಂತ್ರಾಂಶ ಮ್ಯೂಸ್‌ಸ್ಕೋರ್‌ಗೆ ಹಾಕಿದೆ. ಲೆಕ್ಕ ಎಲ್ಲ ಸರಿಯಾಗಿದೆ, ಕೇಳಿದ್ರೆ ತಲೆಬುಡ ಇಲ್ಲ. ದತ್ತಾಂಶವನ್ನ ಎಷ್ಟರ ಮಟ್ಟಿಗೆ ನಂಬಿ ನಡೀಬೇಕು? ಪೂರ್ತಿ ಬಿಟ್ಟು ಬರೀ ಭಾವನೆಯಿಂದ ಬರೆದ್ರೆ ಅದು ಆಕಾಶದ ಸಂಗೀತ ಹೇಗಾಗುತ್ತೆ? ಬಲ್ಲವರು ದಾರಿ ತೋರಿಸಿ. (ನಾನು ಕಲಿತಿರೋದು ಕರ್ನಾಟಕ ಪಿಟೀಲು. ಸ್ಟಾಫ್ ನೊಟೇಶನ್ ಓದೋಕೆ, ಬರೆಯೋಕೆ ಬರುತ್ತೆ.)

ಮಾಟುಂಗಾ ಶೆಟ್ರು

ದತ್ತಾಂಶ ಬಿಟ್ಟುಬಿಡಿ ಮಾರಾಯ್ರೆ. ಆಕಾಶದ ಆರ್ಕೆಸ್ಟ್ರಾ ಅಂದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಗುಸ್ತಾವ್ ಹೋಲ್ಸ್ಟ್ ಅಲ್ವಾ? ಅವನ ಗ್ರಹಗಳ ಕೃತಿಯಲ್ಲಿ ಖಗೋಳ ವಿಜ್ಞಾನ ಎಂತದೂ ಇಲ್ಲ, ಇರುವುದು ಜ್ಯೋತಿಷ್ಯ! 1914ರಿಂದ 1917ರ ಒಳಗೆ ಬರೆದದ್ದು, ಏಳು ಭಾಗ. ಭೂಮಿ ಇಲ್ಲ, ಯಾಕೆಂದರೆ ಜಾತಕದಲ್ಲಿ ಭೂಮಿ ಬರುವುದಿಲ್ಲ. ಪ್ಲೂಟೋ ಸಿಕ್ಕಿದ್ದೇ 1930ರಲ್ಲಿ. ಮಂಗಳ ಬಹುಪಾಲು ಐದರ ಎಣಿಕೆಯಲ್ಲಿ ಹೋಗ್ತದೆ, ಪಿಟೀಲಿನವರು ಬಿಲ್ಲಿನ ಕೂದಲು ಬಿಟ್ಟು ಕಟ್ಟಿಗೆಯಿಂದ ತಂತಿಗೆ ಹೊಡೀತಾರೆ. ಖಂಡ ಚಾಪು ಕೇಳಿ ಬೆಳೆದ ನಮಗೆ ಅದು ಪರಕೀಯ ಅಂತ ಅನಿಸುವುದೇ ಇಲ್ಲ. ಕೊನೆಯ ನೆಪ್ಚೂನ್‌ನಲ್ಲಿ ಹೆಂಗಸರ ವೃಂದ ಬೇರೆ ಕೋಣೆಯಲ್ಲಿ ನಿಂತು ಹಾಡ್ತಾರೆ, ಕಡೆಗೆ ಆ ಕೋಣೆಯ ಬಾಗಿಲನ್ನು ನಿಧಾನಕ್ಕೆ ಮುಚ್ಚಬೇಕು ಅಂತಲೇ ಬರೆದಿದ್ದಾನೆ. ದೂರ ಅನ್ನುವುದನ್ನು ತೋರಿಸಲಿಕ್ಕೆ ಒಂದು ಬಾಗಿಲು ಸಾಕಾಯ್ತು, ದೂರದರ್ಶಕ ಬೇಕಾಗಲಿಲ್ಲ.

ಇನ್ನೊಂದು ವಿಷಯ. ಈ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಅನುವಾದ ಮಾಡಿ ಸ್ವರ ಹಾಕಿದವ. ಮಹಾಭಾರತದ ಸಾವಿತ್ರಿಯ ಕಥೆಗೆ ಪುಟ್ಟ ಆಪೆರಾ ಬರೆದವ.

ತಿರುಗಾಮುರುಗಾ ಉದಾಹರಣೆಯೂ ಉಂಟು. 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ವೃತ್ತಿಯಲ್ಲಿ ಸಂಗೀತಗಾರ, ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸ್ತಿದ್ದವ. 24 ಸಿಂಫನಿ ಬರೆದಿದ್ದಾನೆ. ಅವೆಲ್ಲ ಅವನು ದೂರದರ್ಶಕದ ಹಿಂದೆ ಬೀಳುವ ಮೊದಲಿನವು, ಒಂದರಲ್ಲೂ ಆಕಾಶ ಇಲ್ಲ. ಎರಡೂ ಗೊತ್ತಿದ್ದವನೇ ಬೆರೆಸಲಿಲ್ಲ ನೋಡಿ.

ಕೋಥ್ರೂಡ್ ಕಾಲೇಜು

ಆದ್ರೆ ನಾಸಾದವರು ಕಪ್ಪುಕುಳಿಯ ಶಬ್ದ ಹಾಕಿದ್ರಲ್ಲ ಸರ್, 2022ರಲ್ಲಿ? ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ್ದು. ನಡುಗಿಬಿಡ್ತೀವಿ ಕೇಳಿದ್ರೆ. ಅದನ್ನೇ ಸ್ಪೀಕರ್‌ನಲ್ಲಿ ಹಾಕಿ ಮೇಲೆ ಪಿಟೀಲು ನುಡಿಸಿದ್ರೆ ಆಗಲ್ವಾ?

ಅಲೆಗಣಕ

ಪುಣೆಯಲ್ಲೇ ರೇಡಿಯೋ ದತ್ತಾಂಶದ ಜೊತೆ ಕೆಲಸ ಮಾಡೋನು ನಾನು. ಸಂಗೀತ ಕೇಳ್ತೀನಿ, ನುಡಿಸೋಕೆ ಬರಲ್ಲ. ಕೆಲವು ವಿಷಯ ಬಿಡಿಸಿ ಹೇಳ್ತೀನಿ.

ಪರ್ಸಿಯಸ್ ಗುಚ್ಛದಲ್ಲಿ ಗ್ಯಾಲಕ್ಸಿಗಳ ನಡುವೆ ಬಿಸಿ ಅನಿಲ ತುಂಬಿದೆ. ಹಾಗಾಗಿ ಅಲ್ಲಿ ಒತ್ತಡದ ಅಲೆ ನಿಜವಾಗ್ಲೂ ಹರಿಯುತ್ತೆ. ಚಂದ್ರಾ ಅನ್ನೋ ಎಕ್ಸ್‌ರೇ ದೂರದರ್ಶಕ ಉಪಗ್ರಹದ ಚಿತ್ರಗಳಿಂದ 2003ರಲ್ಲಿ ಅದನ್ನ ಗುರುತಿಸಿದ್ರು. ಪಿಯಾನೋದ ನಡುವಿನ ಸಿ ಸ್ವರಕ್ಕಿಂತ 57 ಸ್ಥಾಯಿ ಕೆಳಗಿನ ಬಿ ಫ್ಲ್ಯಾಟ್ (ಒಂದು ಸ್ಥಾಯಿ ಇಳಿದ್ರೆ ಆವರ್ತನ ಅರ್ಧ). ಪಿಯಾನೋದಲ್ಲಿ ಇರೋದೇ ಏಳು ಸ್ಥಾಯಿ ಚಿಲ್ಲರೆ. ಆ ಅಲೆ ಒಂದು ಸಲ ಏರಿ ಇಳಿಯೋಕೆ ಸುಮಾರು ಒಂದು ಕೋಟಿ ವರ್ಷ ಬೇಕು. ನೀವು ಕೇಳಿದ್ದು 57, 58 ಸ್ಥಾಯಿ ಮೇಲಕ್ಕೆ ಎತ್ತಿದ್ದು. ನಡುಕ ಹುಟ್ಟಿಸಿದ್ದರಲ್ಲಿ ಕಪ್ಪುಕುಳಿಯ ಪಾಲೆಷ್ಟು, ಎತ್ತಿದವರ ಕೈಚಳಕ ಎಷ್ಟು, ನೀವೇ ಯೋಚನೆ ಮಾಡಿ.

ಪಲ್ಸಾರ್ ಕಥೆ ಬೇರೆ. ಅಲ್ಲಿಂದ ಬರೋದು ರೇಡಿಯೋ ಅಲೆ, ಶಬ್ದ ಅಲ್ಲ. ಬಾಣೇರ್ ಅವರೇ, ನಿಮ್ಮ ಪ್ರಯೋಗ ಯಾಕೆ ಕೈಕೊಡ್ತು ಅಂದ್ರೆ, ಒಂದೊಂದು ಮಿಡಿತದ ಬಲ ಮನಸ್ಸಿಗೆ ಬಂದ ಹಾಗೆ ಏರುಪೇರಾಗುತ್ತೆ. ನೀವು ಅದನ್ನೇ ಸ್ವರ ಮಾಡಿದ್ರಿ. ಪಲ್ಸಾರ್‌ನಲ್ಲಿ ನಂಬಬಹುದಾದ್ದು ಬಲ ಅಲ್ಲ, ಕಾಲ. 1967ರಲ್ಲಿ ಜೋಸಲಿನ್ ಬೆಲ್ ಕಂಡ ಮೊಟ್ಟಮೊದಲನೇದು 1.337 ಸೆಕೆಂಡಿಗೊಮ್ಮೆ ಮಿಡಿಯುತ್ತೆ, ಅಂದ್ರೆ ನಿಮಿಷಕ್ಕೆ 45ರ ಹತ್ತಿರ, ಒಳ್ಳೇ ವಿಳಂಬ ಕಾಲ. ವೇಲಾ ಪಲ್ಸಾರ್ ಸೆಕೆಂಡಿಗೆ 11 ಸಲ. ಏಡಿ ನೀಹಾರಿಕೆಯದ್ದು ಹತ್ತಿರ ಹತ್ತಿರ 30 ಸಲ. 1982ರಲ್ಲಿ ಸಿಕ್ಕ ಮೊದಲ ಮಿಲಿಸೆಕೆಂಡ್ ಪಲ್ಸಾರ್ 642 ಸಲ. ನಮ್ಮ ಕಿವಿಗೆ ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನಲ್ಲಿ ಪೆಟ್ಟುಗಳು ಬೆಸೆದು ಸ್ವರ ಆಗುತ್ತವೆ. ಅಂದ್ರೆ ವೇಲಾ ಇನ್ನೂ ಲಯ, ಏಡಿ ಆಗಲೇ ಶ್ರುತಿ. ಎರಡೂ ಒಂದೇ ಜಾತಿಯ ನಕ್ಷತ್ರ. ನಾನು ಸಂಗೀತಗಾರ ಆಗಿದ್ರೆ ಈ ಗಡಿಯ ಮೇಲೇ ಕೂರ್ತಿದ್ದೆ.

ಇನ್ನೂ ಒಂದು. ಕೆಲವು ಪಲ್ಸಾರ್‌ಗಳು ನಡುನಡುವೆ ಒಂದಷ್ಟು ಮಿಡಿತ ನುಂಗಿಬಿಡ್ತವೆ. ಮತ್ತೆ ಶುರುವಾದಾಗ ಮಾತ್ರ ಎಲ್ಲಿ ಬರಬೇಕೋ ಅಲ್ಲೇ ಬರ್ತವೆ, ಎಣಿಕೆ ತಪ್ಪಿರಲ್ಲ.

ಡೊಂಬಿವಲಿ ಟೀಚರ್

ಆ ಕೊನೆಯ ಮಾತು ಕೇಳಿ ಸಂತೋಷ ಆಯಿತು. ಒಳ್ಳೆಯ ಮೃದಂಗದವರು ಕೈ ಎತ್ತಿ ಸುಮ್ಮನೆ ಕೂರ್ತಾರಲ್ಲ, ಥೇಟ್ ಅದೇ.

ಹುಬ್ಬಳ್ಳಿ ಹೈದ

ಅಲೆಗಣಕ ಸರ್, 642ರ ಪಲ್ಸಾರ್ ಬಗ್ಗೆ ಬರದು ಅದನ್ನ ಹುಡುಕಿದವರೊಳಗ ನಮ್ಮ ಹುಬ್ಬಳ್ಳ್ಯಾಗ ಸಾಲಿ ಕಲತ ಶ್ರೀನಿವಾಸ ಕುಲಕರ್ಣಿ ಇದ್ರು ಅನ್ನೋದನ್ನ ಬಿಟ್ರೆ ಹೆಂಗ್ರೀ? 2024ರಾಗ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು ಅವರಿಗೆ. ಪಿಂಪ್ರಿಯಾಗ ಕುಂತು ಇಷ್ಟರ ಹೇಳಲಿಲ್ಲಂದ್ರ ಊರಿಗೆ ಹೋದಾಗ ಮಾರಿ ತೋರಸಲಿಕ್ಕೆ ಆಗೂದಿಲ್ಲ. ಸಂಗೀತದ ಬಗ್ಗೆ ನಾ ಏನೂ ಹೇಳೂದಿಲ್ಲ, ಗಂಗೂಬಾಯಿ ಹಾನಗಲ್ ಅವರ ಊರಾಗ ಬೆಳದು ಹಾರ್ಮೋನಿಯಂ ಸುದ್ದಿಗೂ ಹೋಗದಾಂವ.

ಮಡಗಾಂವ್ ಟ್ರಂಬೋನ್

ಊರು ಕಾರವಾರ, ಈಗ ಗೋವಾದಲ್ಲಿ. ನುಡಿಸುವವರ ಕಡೆಯಿಂದ ಒಂದು ಮಾತು ಹೇಳ್ತೇನೆ.

642 ಹರ್ಟ್ಜ್ ಅಂದ್ರೆ ಪಿಟೀಲಿನ ಮೇಲಿನ ತಂತಿಯ ಇ ಸ್ವರ 659, ಅದರ ಕೆಳಗಿನ ಇ ಫ್ಲ್ಯಾಟ್ 622, ಎರಡರ ನಡುವೆ ಎಲ್ಲೋ ಬೀಳ್ತದೆ. ಪಿಟೀಲಿನವರು ಬೆರಳು ಸರಿಸಿ ಹಿಡೀಬಹುದು. ಹವ್ಯಾಸಿ ಓಬೋದವರ ಹತ್ತಿರ ಕೇಳಿದ್ರೆ ಅಪಶ್ರುತಿ ಅಂತ ಜನ ಅವರನ್ನೇ ಬೈತಾರೆ. ಏಡಿಯ 30 ಸುಮಾರಾಗಿ ಕಾಂಟ್ರಾಬಸೂನಿನ ತೀರಾ ತಳದ ಸ್ವರ. ನಿಮ್ಮ ವೃಂದದಲ್ಲಿ ಆ ವಾದ್ಯ ಇಲ್ಲ, ಆಸೆ ಬಿಡಿ. ವೇಲಾ ಮಾತ್ರ ನಿಮಗೆ ಸಿಗೋದು: ಟಿಂಪನಿ ನಗಾರಿಯ ಮೇಲೆ ಎರಡು ಕೋಲಿನಿಂದ ಬಿಡದೆ ಬಾರಿಸೋ ರೋಲ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗ್ತದೆ.

ಇನ್ನು ಸಿಂಥ್ ಪ್ಯಾಡ್, ಹತ್ತು ಸೆಕೆಂಡಿನ ಪ್ರತಿಧ್ವನಿ, ಮೇಲೆ ಮಂಜುಮಂಜಾದ ಆ ಆ ಆ ಅನ್ನೋ ಕೋರಸ್. ದಯವಿಟ್ಟು ಬೇಡ. ಬಾಹ್ಯಾಕಾಶ ಅಂದ್ರೆ ಎಲ್ಲರೂ ಇದನ್ನೇ ಮಾಡ್ತಾರೆ. ಆರ್ಕೆಸ್ಟ್ರಾದಲ್ಲಿ ಉಸಿರಾಡೋ ಜನ ಇದ್ದಾರೆ, ಅವರಿಗೆ ಮಾಡೋಕೆ ಕೆಲಸ ಕೊಡಿ. ಒಂದು ವೃಂದದಲ್ಲಿ ಹೀಗೇ ಒಂದು ಅಂತರಿಕ್ಷದ ಕೃತಿಗೆ ಕರೆದ್ರು, ನನ್ನ ಪಾರ್ಟಿನಲ್ಲಿ ಒಂದೇ ಸ್ವರ, ನಾಲ್ಕು ಪುಟ, ಉಸಿರು ಎಲ್ಲಿ ತಗೊಳ್ಳೋದು ಅಂತ ಬರೆದೇ ಇಲ್ಲ. ಕಂಪ್ಯೂಟರಿಗೆ ಉಸಿರು ಬೇಕಿಲ್ಲ ನೋಡಿ, ಬರೆದವರಿಗೆ ನೆನಪೇ ಆಗಿರಲಿಲ್ಲ.

ನಮ್ಮ ಕಡೆ ಈ ತರಹದ ಬೆರಕೆ ಹೊಸದೇನೂ ಅಲ್ಲ. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಮುಂಬೈ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸ್ತಾ ನುಡಿಸ್ತಾ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ ರಾಗಗಳನ್ನ ಪಾಶ್ಚಾತ್ಯ ವಾದ್ಯವೃಂದಕ್ಕೆ ಬರೆದ್ರು. ಅಲ್ಲಿ ಕೂತವರು ಪ್ರತಿ ಸ್ವರ ಓದಿ ನುಡಿಸ್ತಿದ್ರು.

ಡೊಂಬಿವಲಿ ಟೀಚರ್

ಟ್ರಂಬೋನ್ ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಪ್ರತಿಧ್ವನಿ ಹಾಕಿದ ಕೂಡಲೇ ವಿಶ್ವರೂಪ ದರ್ಶನ ಆಗಿಬಿಡುತ್ತೆ ಅಂತ ತಿಳಿದಿದ್ದಾರೆ ಜನ.

ಬಾಣೇರ್ ಅವರೇ, ನೀವು ಕರ್ನಾಟಕ ಪದ್ಧತಿ ಕಲಿತವರು, ತಾಳ ಹಾಕೋ ಕೈ ಇದೆ. ಹಾಗಿರುವಾಗ ಗುರುಗ್ರಹದ ಚಂದ್ರರನ್ನ ಯಾಕೆ ಬಿಟ್ರಿ? ವರ್ಲಿಯ ನೆಹರೂ ತಾರಾಲಯದಲ್ಲಿ ಕೇಳಿದ ಒಂದು ವಿಷಯ ನನ್ನ ತಲೆಯಲ್ಲೇ ಕೂತಿದೆ. ಅಯೋ, ಯೂರೋಪಾ, ಗ್ಯಾನಿಮೀಡ್. ಗ್ಯಾನಿಮೀಡ್ ಒಂದು ಸುತ್ತು ಹಾಕೋದರಲ್ಲಿ ಯೂರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕಿರುತ್ತೆ. ಒಂದು, ಎರಡು, ನಾಲ್ಕು. ಇದು ನಾವು ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಒಂದಕ್ಕಿಂತ ಒಂದು ಎರಡರಷ್ಟು ವೇಗದಲ್ಲಿ, ಹಾಡಿಸೋದಲ್ಲದೆ ಇನ್ನೇನು? ಮಕ್ಕಳಿಗೆ ಮೊದಲ ತಿಂಗಳಲ್ಲೇ ಹೇಳಿಕೊಡ್ತೀವಿ. ಇದಕ್ಕೆ ಕಂಪ್ಯೂಟರ್ ಬೇಡ, ಕೈ ಸಾಕು.

ಬಾಣೇರ್ ಪಿಟೀಲು

ಟೀಚರ್, ಇದು ನನಗೆ ಹೊಳೆದೇ ಇರಲಿಲ್ಲ! ಆದ್ರೆ ಮೂರು ಕಾಲ ಅಂದ್ರೆ ಮೂರೂ ಸಮದಲ್ಲಿ, ಅಂದ್ರೆ ತಾಳದ ಮೊದಲ ಪೆಟ್ಟಿನಲ್ಲಿ, ಕೂಡಬೇಕಲ್ವಾ? ಚಂದ್ರರೂ ಹಾಗೇ ಮೂರೂ ಒಂದೇ ಸಾಲಿಗೆ ಬರ್ತವಾ? ಅಲೆಗಣಕ ಸರ್?

ಅಲೆಗಣಕ

ಬರಲ್ಲ. ಮಜಾ ಇರೋದೇ ಅಲ್ಲಿ.

ಯೂರೋಪಾ, ಗ್ಯಾನಿಮೀಡ್ ಎರಡೂ ಗುರುವಿನ ಒಂದೇ ಪಕ್ಕಕ್ಕೆ ಸಾಲಾಗಿ ಬಂದಾಗ ಅಯೋ ನೇರ ಎದುರುಬದಿಯಲ್ಲಿ ಇರುತ್ತೆ. ಅಯೋ, ಯೂರೋಪಾ ಸೇರಿದಾಗ ಗ್ಯಾನಿಮೀಡ್ ಕಾಲು ಸುತ್ತು ದೂರ. ಮೂರೂ ಒಂದೇ ಪಕ್ಕ ಕೂಡೋದು ಅಂತ ಇಲ್ಲವೇ ಇಲ್ಲ. ಇದನ್ನ ಲಾಪ್ಲಾಸ್ ಅನುರಣನ ಅಂತಾರೆ. ಒಂದರ ಗುರುತ್ವ ಇನ್ನೊಂದನ್ನ ಸರಿಯಾದ ಹೊತ್ತಿಗೆ ಎಳೆದೂ ಎಳೆದೂ ಈ ಬೀಗ ಬಿದ್ದಿದೆ. ಅವಧಿಗಳು ದಿನದಲ್ಲಿ 1.77, 3.55, 7.15. ಗುಣಿಸಿ ನೋಡಿದ್ರೆ ಒಂದು, ಎರಡು, ನಾಲ್ಕಕ್ಕೆ ಕೂದಲೆಳೆ ವ್ಯತ್ಯಾಸ ಕಾಣುತ್ತೆ. ಅದು ಯಾಕೆ ಅಂದ್ರೆ ಅವು ಸೇರೋ ಗೆರೆ ತಾನೇ ನಿಧಾನವಾಗಿ ಹಿಂದಕ್ಕೆ ತಿರುಗ್ತಾ ಇರುತ್ತೆ, ದಿನಕ್ಕೆ ಮುಕ್ಕಾಲು ಡಿಗ್ರಿಯಷ್ಟು. ಆ ಗೆರೆಯ ಮೇಲೆ ನಿಂತು ಎಣಿಸಿದ್ರೆ ಲೆಕ್ಕ ಪಕ್ಕಾ.

ಈ ಎಳೆದಾಟದಿಂದ ಅಯೋದ ಕಕ್ಷೆ ಪೂರ್ತಿ ದುಂಡಗಾಗೋಕೆ ಸಾಧ್ಯವೇ ಆಗಲ್ಲ. ಗುರುವಿನ ಸೆಳೆತದಲ್ಲಿ ಅದರ ಒಡಲು ಹಿಗ್ಗಿ ಕುಗ್ಗಿ ಒಳಗೆ ಕಾಯುತ್ತೆ. ಅಲ್ಲಿ ಜ್ವಾಲಾಮುಖಿ ಇರಬೇಕು ಅನ್ನೋ ಲೆಕ್ಕ 1979ರ ಮಾರ್ಚ್‌ನಲ್ಲಿ ಅಚ್ಚಾಯ್ತು, ಕೆಲವೇ ದಿನಕ್ಕೆ ವಾಯೇಜರ್ 1 ಕಳಿಸಿದ ಚಿತ್ರದಲ್ಲಿ ಜ್ವಾಲಾಮುಖಿ ಕಾಣಿಸ್ತು.

ಹಾಂ, ಈ ಚಂದ್ರರನ್ನ 1610ರ ಜನವರಿಯಲ್ಲಿ ನೋಡಿದ ಗೆಲಿಲಿಯೋನ ಅಪ್ಪ ವಿನ್ಸೆಂಜೋ ಲ್ಯೂಟ್ ವಾದಕ, ಸಂಗೀತ ಶಾಸ್ತ್ರ ಬರೆದವರು. ಶೆಟ್ರಿಗೆ ಇಷ್ಟ ಆಗಬಹುದು.

ಡೊಂಬಿವಲಿ ಟೀಚರ್

ಹಾಗಾದರೆ ಇನ್ನೂ ಚೆನ್ನಾಯಿತು. ಆದಿತಾಳದ ಎಂಟು ಅಕ್ಷರ ತಗೊಳ್ಳಿ. ತಾಳದ ಒಂದು ಪೂರ್ತಿ ಆವರ್ತಕ್ಕೆ ಗ್ಯಾನಿಮೀಡ್ ಒಂದು ಸುತ್ತು. ಗ್ಯಾನಿಮೀಡ್, ಯೂರೋಪಾ ಸೇರೋ ಗೆರೆಗೆ ಯಾವ ಚಂದ್ರ ಯಾವಾಗ ಬರುತ್ತೆ ಅಂತ ಎಣಿಸೋಣ. ಎಲ್ಲರೂ ಕೈ ಮುಂದೆ ಮಾಡಿ, ನನ್ನ ಜೊತೆ ಹಾಕಿ.

ಮೊದಲ ಪೆಟ್ಟು: ಗ್ಯಾನಿಮೀಡ್, ಯೂರೋಪಾ ಎರಡೂ. ಕಿರುಬೆರಳು: ಅಯೋ. ಉಂಗುರ ಬೆರಳು: ಯಾರೂ ಇಲ್ಲ. ನಡುಬೆರಳು: ಅಯೋ. ಆಮೇಲೆ ದ್ರುತದ (ಒಂದು ಪೆಟ್ಟು, ಅಂಗೈ ತಿರುಗಿಸೋ ಒಂದು ಹುಸಿ ಸೇರಿದ ಜೋಡಿ) ಪೆಟ್ಟು: ಯೂರೋಪಾ ಒಂದೇ. ಹುಸಿ: ಅಯೋ. ಎರಡನೇ ದ್ರುತದ ಪೆಟ್ಟು: ಖಾಲಿ. ಹುಸಿ: ಅಯೋ.

ನೋಡಿದಿರಾ? ಮೂರು ಪೆಟ್ಟಿನಲ್ಲಿ ಒಂದರಲ್ಲೂ ಅಯೋ ಇಲ್ಲ. ಬೆರಳು ಮತ್ತು ಹುಸಿಯಲ್ಲೇ ಓಡಾಡುತ್ತೆ. ಎಲ್ಲರಿಗಿಂತ ಜೋರಾಗಿ ಓಡೋದು ಅದೇ, ಸಮ ಮಾತ್ರ ಅದಕ್ಕೆ ಸಿಗೋದಿಲ್ಲ. ಒಳಗೊಳಗೇ ಕುದಿಯೋದಕ್ಕೆ ಇಷ್ಟು ಸಾಲದೇನು? ನಿಮ್ಮ ದತ್ತಾಂಶ ಎಷ್ಟು ಬೇಕು ಅಂತ ಕೇಳಿದ್ರಲ್ಲ, ಇಷ್ಟು. ಸಂಖ್ಯೆಯನ್ನು ಸ್ವರ ಮಾಡಬೇಡಿ. ಯಾರು ಯಾವಾಗ ಬರ್ತಾರೆ, ಯಾರು ಯಾರನ್ನ ತಪ್ಪಿಸ್ಕೊಳ್ತಾರೆ ಅನ್ನೋದನ್ನ ಆಕಾಶದಿಂದ ತಗೊಳ್ಳಿ. ಸ್ವರ ನಿಮ್ಮದು.

ಹುಬ್ಬಳ್ಳಿ ಹೈದ

ಆಫೀಸಿನ್ಯಾಗ ಮೀಟಿಂಗ್ ನಡದೈತಿ, ನಾ ಟೇಬಲ್ ಕೆಳಗ ತಾಳ ಹಾಕಿ ನೋಡಿದೆ. ಖರೇನ ಬರ್ತೈತ್ರೀ!

ಮಾಟುಂಗಾ ಶೆಟ್ರು

ಟೀಚರ್ ಹೇಳಿದ್ದು ಚಂದ ಉಂಟು, ಒಪ್ಪಿದೆ. ಆದರೆ ನಾರಿಮನ್ ಪಾಯಿಂಟ್‌ನಲ್ಲಿ ಎನ್‌ಸಿಪಿಎ ಸಭಾಂಗಣದಲ್ಲಿ ಟಿಕೆಟ್ ತೆಗೆದು ಕೂತು ಕೂತು ಒಂದು ವಿಷಯ ಕಲ್ತಿದ್ದೇನೆ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕಛೇರಿಗೆ ಬರುವ ಜನ ಕೈಯಲ್ಲಿ ತಾಳ ಹಾಕುವವರಲ್ಲ. ಹತ್ತು ನಿಮಿಷ ಇದೇ ಎಂಟು ಅಕ್ಷರ ಟಿಕ್ ಟಿಕ್ ಅಂತ ಹೋದರೆ ಮೂರನೇ ನಿಮಿಷಕ್ಕೆ ಕೆಮ್ಮು ಶುರುವಾಗ್ತದೆ. ಪ್ರೋಗ್ರಾಂ ಪುಸ್ತಕ ಓದಿದರೆ ಮಾತ್ರ ಅರ್ಥ ಆಗುವ ಸಂಗೀತ ನನಗೆ ಬೇಡ. ಹೋಲ್ಸ್ಟ್‌ನ ಮಂಗಳ ಕೇಳಲಿಕ್ಕೆ ಜಾತಕ ಬೇಡವಲ್ಲ?

ಡೊಂಬಿವಲಿ ಟೀಚರ್

ಶೆಟ್ರೇ, ಎಂಟು ಅಕ್ಷರದ ಆದಿತಾಳದಲ್ಲಿ ಮುಕ್ಕಾಲು ಗಂಟೆಯ ರಾಗ ತಾನ ಪಲ್ಲವಿ ಕೇಳಿಲ್ವೇ ನೀವು? ಆವರ್ತ ಬದಲಾಗಬೇಕಿಲ್ಲ, ಅದರ ಮೇಲೆ ನಡೆಯೋದು ಬದಲಾಗಬೇಕು.

ಮಾಟುಂಗಾ ಶೆಟ್ರು

ಕೇಳಿದ್ದೇನೆ, ಷಣ್ಮುಖಾನಂದದಲ್ಲಿ, ಅಲ್ಲಿಯೂ ಕೆಮ್ಮುತ್ತಾರೆ. ಆಯ್ತು, ಏನು ಬದಲಾಗ್ತದೆ ಅಂತ ಹೇಳಿ.

ಬಾಣೇರ್ ಪಿಟೀಲು

ಅಲೆಗಣಕ ಸರ್ ಹೇಳಿದ ಆ ಹಿಂದಕ್ಕೆ ತಿರುಗೋ ಗೆರೆ ಇಟ್ಕೊಂಡು ರಾತ್ರಿ ಲೆಕ್ಕ ಹಾಕಿದೆ. ಅಕ್ಷರಕ್ಕೆ ಒಂದು ಸೆಕೆಂಡ್ ಇಟ್ರೆ ಹತ್ತು ನಿಮಿಷಕ್ಕೆ 75 ಆವರ್ತ. ಗುರುವಿನ ಹತ್ತಿರ ಅದು ಸುಮಾರು ಒಂದೂವರೆ ವರ್ಷ. ದಿನಕ್ಕೆ ಮುಕ್ಕಾಲು ಡಿಗ್ರಿ, ಸರಿಯಾಗಿ ಹೇಳಿದ್ರೆ 0.74, ಅಂದ್ರೆ ಆ ಗೆರೆ ಒಂದು ಪೂರ್ತಿ ಸುತ್ತು ಬರೋಕೆ 486 ದಿನ, ನಮ್ಮ ಗಡಿಯಾರದಲ್ಲಿ ಒಂಬತ್ತು ನಿಮಿಷದ ಚಿಲ್ಲರೆ. ಅಂದ್ರೆ ಕೃತಿಯ ಉದ್ದಕ್ಕೂ ಹೆಚ್ಚುಕಡಿಮೆ ಒಂದು ಸುತ್ತು! ಹಾಗಾಗಿ ಆರಾರು ಆವರ್ತಕ್ಕೆ ಒಂದು ಸಲ ಆಧಾರ ಸ್ವರವನ್ನ ಅರ್ಧ ಸ್ವರ ಕೆಳಗೆ ಇಳಿಸಿದ್ರೆ, ಹನ್ನೆರಡು ಮೆಟ್ಟಿಲು ಇಳಿದು ಕೊನೆಗೆ ಶುರು ಮಾಡಿದ ಸ್ವರಕ್ಕೇ, ಒಂದು ಸ್ಥಾಯಿ ಕೆಳಗೆ, ಬಂದು ನಿಲ್ಲುತ್ತೆ. ಎಲ್ಲ ಬಾಸ್ ಮತ್ತು ಚೆಲೋಗಳಲ್ಲಿ. ಮೇಲಿನವರು ಅದಕ್ಕೆ ಹೊಂದ್ಕೊಂಡು ಹೋಗ್ತಾ ಇರಬೇಕು.

ಟೀಚರ್‌ಗೆ ಶ್ರುತಿ ಬದಲಾಯಿಸೋದು ಒಗ್ಗಲ್ಲ ಅಂತ ಗೊತ್ತು.

ಡೊಂಬಿವಲಿ ಟೀಚರ್

ಒಗ್ಗೋದಿಲ್ಲ. ತಂಬೂರಿ ಹನ್ನೆರಡು ಸಲ ಇಳಿಸಿದರೆ ನಾನು ಎದ್ದು ಹೋಗ್ತೀನಿ. ಆದರೆ ಇದು ಆರ್ಕೆಸ್ಟ್ರಾ, ಅವರಿಗೆ ಅದು ಅಭ್ಯಾಸ. ಮಾಡಿ.

ಕೋಥ್ರೂಡ್ ಕಾಲೇಜು

ಸೂರ್ಯನನ್ನೂ ಸೇರಿಸಿ! ನಾನೂ ಲೆಕ್ಕ ಮಾಡಿದೆ. ಸೂರ್ಯನ ಮೇಲ್ಮೈ ಐದು ನಿಮಿಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತೆ ಅಲ್ವಾ, ಅದನ್ನ 17 ಸ್ಥಾಯಿ ಎತ್ತಿದ್ರೆ 437 ಹರ್ಟ್ಜ್ ಬರುತ್ತೆ. ಆರ್ಕೆಸ್ಟ್ರಾ ಶ್ರುತಿ ಮಾಡೋ ಎ ಸ್ವರ 440! ಅಂದ್ರೆ ಎಲ್ಲ ಆರ್ಕೆಸ್ಟ್ರಾಗಳೂ ಸೂರ್ಯನಿಗೇ ಶ್ರುತಿ ಮಾಡ್ತಿವೆ!

ಅಲೆಗಣಕ

ತಮ್ಮಾ, ಗುಣಾಕಾರ ಸರಿ ಇದೆ, ತೀರ್ಮಾನ ಇಲ್ಲ. ಐದು ನಿಮಿಷ ಅನ್ನೋದು ದುಂಡು ಮಾಡಿದ ಸಂಖ್ಯೆ. ಸೂರ್ಯ ಒಂದೇ ಸ್ವರ ಹಾಡಲ್ಲ, ಲಕ್ಷಾಂತರ ಕಂಪನಗಳು ಒಟ್ಟಿಗೆ ನಡೀತಿರ್ತವೆ, ಐದು ನಿಮಿಷದ ಆಸುಪಾಸಿನವು ಬಲವಾಗಿರ್ತವೆ ಅಷ್ಟೇ. ಎಷ್ಟು ಸ್ಥಾಯಿ ಬೇಕಾದ್ರೂ ಎತ್ತಬಹುದು ಅಂದಮೇಲೆ ಯಾವ ಸಂಖ್ಯೆ ಕೊಟ್ರೂ ಆ ಸಪ್ತಕದಲ್ಲಿ ಎಲ್ಲೋ ಬಂದು ಕೂರುತ್ತೆ. ಖಗೋಳಜ್ಞ ಕೆಪ್ಲರ್ 1619ರಲ್ಲಿ ಗ್ರಹಗಳ ವೇಗದಿಂದ ಸ್ವರಾಂತರ ತೆಗೆದಾಗ ಸ್ಥಾಯಿ ಏರಿಸಿ ಇಳಿಸಲಿಲ್ಲ ಅಂತಲ್ಲ. ಆದ್ರೆ ಅವನು ಒಂದೇ ಗ್ರಹದ ಅತಿ ವೇಗವನ್ನ ಅದರದೇ ಅತಿ ನಿಧಾನಕ್ಕೆ ಹೋಲಿಸಿದ, ಅದರಲ್ಲಿ ಮೋಸ ಇಲ್ಲ. ಭೂಮಿಗೆ ಬಂದಿದ್ದು 16ಕ್ಕೆ 15, ಅರ್ಧ ಸ್ವರ.

ಡೊಂಬಿವಲಿ ಟೀಚರ್

16ಕ್ಕೆ 15 ಅಂದರೆ ಷಡ್ಜದಿಂದ ನಮ್ಮ ಶುದ್ಧ ರಿಷಭ. ಭೂಮಿ ಮಾಯಾಮಾಳವಗೌಳದ ಮೊದಲ ಮೆಟ್ಟಿಲು ಹತ್ತಿ ಇಳೀತಾ ಇದೆ ಅನ್ನಿ.

ಮಡಗಾಂವ್ ಟ್ರಂಬೋನ್

ಈಗ ಯಾರಿಗೆ ಏನು ಅಂತ ಹಂಚೋಣ. ಗ್ಯಾನಿಮೀಡ್ ಬಾಸ್, ಚೆಲೋ, ಕೆಳಗಿನ ಹಾರ್ನ್. ಯೂರೋಪಾ ವಿಯೋಲ ಮತ್ತು ಎರಡನೇ ಪಿಟೀಲು, ಬಿಲ್ಲು ಕೆಳಗಿಟ್ಟು ಬೆರಳಲ್ಲಿ ಮೀಟಲಿ, ಆ ಚಂದ್ರನ ಮೇಲ್ಮೈ ಹಿಮ ಅಲ್ವಾ. ಅಯೋ ಎರಡು ಸೆಕೆಂಡಿಗೊಮ್ಮೆ, ಹತ್ತು ನಿಮಿಷ ಬಿಡುವಿಲ್ಲದೆ. ಒಬ್ಬರ ಕೈಲಿ ಆಗಲ್ಲ. ನಿಮ್ಮಲ್ಲಿ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್ ಸೇರಿ ಎಂಟು ಜನ. ಸರದಿ ಮೇಲೆ ಹಾಕಿ, ಎರಡು ಆವರ್ತಕ್ಕೆ ಒಬ್ಬೊಬ್ಬರಿಗೆ ಒಂದು ಪೆಟ್ಟು. ಪ್ರತಿ ಸಲ ಬಣ್ಣ ಬೇರೆ, ಉಸಿರಿಗೂ ಸಮಯ. ಒಬ್ಬರು ತಪ್ಪಿದ್ರೆ ಎಂಟೂ ಜನಕ್ಕೆ ಗೊತ್ತಾಗ್ತದೆ, ಹಾಗಾಗಿ ತಪ್ಪಲ್ಲ.

ಮೊದಲ ಪಿಟೀಲು ಖಾಲಿ ಇದೆ. ಹಾಡು ಅಲ್ಲಿಡಿ. ಶೆಟ್ರ ಕೆಮ್ಮಿಗೆ ಅದೇ ಔಷಧಿ.

ಮತ್ತೆ ಆ ಪಲ್ಸಾರ್ ಪೂರ್ತಿ ಬಿಟ್ಟೇಬಿಟ್ರಾ?

ಅಲೆಗಣಕ

ಬಿಡದೇ ಇದ್ರೆ ಒಂದು ಉಪಾಯ ಹೇಳ್ತೀನಿ, ನಮ್ಮ ಕೆಲಸದಲ್ಲಿ ದಿನಾ ಕಾಣೋದು. ಪಲ್ಸಾರಿನ ಒಂದು ಮಿಡಿತ ಹೊರಡುವಾಗ ಎಲ್ಲ ಆವರ್ತನವೂ ಒಟ್ಟಿಗೇ ಹೊರಡುತ್ತೆ. ದಾರಿಯಲ್ಲಿ ಸಿಗೋ ಎಲೆಕ್ಟ್ರಾನ್‌ಗಳಿಂದಾಗಿ ಎತ್ತರದ ಆವರ್ತನ ಮೊದಲು ಮುಟ್ಟುತ್ತೆ, ತಗ್ಗಿನದ್ದು ಆಮೇಲೆ. ಆವರ್ತನ ಅರ್ಧ ಆದ್ರೆ ತಡ ನಾಲ್ಕು ಪಟ್ಟು. ನಿಮ್ಮ ಭಾಷೆಯಲ್ಲಿ ಒಂದು ಸ್ಥಾಯಿ ಕೆಳಗೆ ಹೋದ್ರೆ ನಾಲ್ಕು ಪಟ್ಟು ಕಾಯಬೇಕು.

ಬಾಣೇರ್ ಪಿಟೀಲು

ಅಂದ್ರೆ ಒಂದೇ ಸ್ವರ: ಪಿಕಲೋ ಕಾಲು ಅಕ್ಷರ ತಡವಾಗಿ, ಅದರ ಕೆಳಗಿನ ಸ್ಥಾಯಿಯಲ್ಲಿ ಕೊಳಲು ಒಂದು ಅಕ್ಷರ, ಓಬೋ ನಾಲ್ಕು ಅಕ್ಷರ, ವಿಯೋಲ 16 ಅಕ್ಷರ. ಒಂದೇ ಪೆಟ್ಟು ಎರಡು ಆವರ್ತದ ಉದ್ದಕ್ಕೆ ಚದುರಿಹೋಗುತ್ತೆ. ಶುರುವಿಗೆ ಒಂದು, ನಡುವೆ ಒಂದು, ಸಾಕು. ಜಾಸ್ತಿ ಹಾಕಿದ್ರೆ ಚಂದ್ರರ ಎಣಿಕೆ ಕೆಡುತ್ತೆ.

ಹುಬ್ಬಳ್ಳಿ ಹೈದ

2023ರಾಗ ಪೇಪರಿನ್ಯಾಗ ಬಂದಿತ್ತಲ್ರೀ, ನಮ್ಮ ಜಿಎಂಆರ್‌ಟಿಯವರೂ ಸೇರಿ ಗುರುತ್ವದ ಅಲೆಗಳ ಗುಂಯ್ ಅನ್ನೋ ಸಪ್ಪಳ ಹಿಡದ್ರು ಅಂತ? ಅದನ್ನ ಹಾಕಲಿಕ್ಕೆ ಬರೂದಿಲ್ಲೇನು?

ಅಲೆಗಣಕ

ಅದು ಸಪ್ಪಳ ಅಲ್ರೀ, ಒಂದು ಅಲೆ ದಾಟೋಕೆ ವರ್ಷಗಟ್ಟಲೆ ಬೇಕು. ಬೇರೆ ಬೇರೆ ದಿಕ್ಕಿನ ಪಲ್ಸಾರ್‌ಗಳ ಮಿಡಿತ ಅತಿ ಸೂಕ್ಷ್ಮವಾಗಿ ಮುಂದೆ ಹಿಂದೆ ಆಗೋದನ್ನ ವರ್ಷಾನುಗಟ್ಟಲೆ ಅಳೆದು, ಆ ಏರುಪೇರುಗಳಲ್ಲಿ ಹೊಂದಿಕೆ ಹುಡುಕ್ತಾರೆ. ಆರ್ಕೆಸ್ಟ್ರಾದಲ್ಲಿ ಮಾಡ್ಬೇಕಂದ್ರೆ ಎಲ್ಲ ಮೂಲೆಯಲ್ಲೂ ತಾಳದವರನ್ನ ಕೂರಿಸಿ, ಅವರು ಚೂರುಚೂರೇ ಅವಸರ, ಚೂರುಚೂರೇ ನಿಧಾನ ಮಾಡಬೇಕು.

ಮಡಗಾಂವ್ ಟ್ರಂಬೋನ್

ಹವ್ಯಾಸಿ ವೃಂದದಲ್ಲಿ ಅದನ್ನ ಬರೆಯೋದೇ ಬೇಡ, ತಾನಾಗೇ ಆಗ್ತದೆ.

ಮಾಟುಂಗಾ ಶೆಟ್ರು

ಈ ಟ್ರಂಬೋನ್‌ನವರನ್ನು ಮೊದಲು ಪುಣೆಗೆ ಕರೆಸಿ. ಬಾಣೇರ್ ಅವರೇ, ಕಛೇರಿಯ ದಿನ ಗೊತ್ತಾದರೆ ಇಲ್ಲೇ ಹಾಕಿ, ಇಂದ್ರಾಯಣಿ ರೈಲು ಹಿಡಿದು ಬರ್ತೇನೆ. ಒಂದು ಕೇಳ್ತೇನೆ, ಗೆಲಿಲಿಯೋ ಕಂಡದ್ದು ನಾಲ್ಕು ಚಂದ್ರರನ್ನಲ್ವಾ? ನಾಲ್ಕನೆಯವ ಕ್ಯಾಲಿಸ್ಟೋ ಎಲ್ಲಿ ಹೋದ?

ಅಲೆಗಣಕ

ಕ್ಯಾಲಿಸ್ಟೋ ಈ ಬೀಗದ ಒಳಗಿಲ್ಲ. ಅವಧಿ 16.69 ದಿನ. ಗ್ಯಾನಿಮೀಡ್ ಏಳು ಸುತ್ತು ಮುಗಿಸೋ ಹೊತ್ತಿಗೆ ಇದು ಹತ್ತಿರ ಹತ್ತಿರ ಮೂರು ಮುಗಿಸಿರುತ್ತೆ. ಹತ್ತಿರ ಅಷ್ಟೇ, ಕಟ್ಟುಪಾಡಿಲ್ಲ.

ಡೊಂಬಿವಲಿ ಟೀಚರ್

ಏಳಕ್ಕೆ ಮೂರು! ತಿಶ್ರ ನಡೆ ಹಿಡಿಯಿರಿ, ಅಕ್ಷರಕ್ಕೆ ಮೂರು ಮಾತ್ರೆ. ಏಳು ಆವರ್ತಕ್ಕೆ 168 ಮಾತ್ರೆ, ಮೂರು ಪಾಲು ಮಾಡಿದರೆ 56. ಹಾಗಾದರೆ ಕ್ಯಾಲಿಸ್ಟೋ 56 ಮಾತ್ರೆಗೊಮ್ಮೆ. ಮೊದಲು ಸಮದಲ್ಲಿ. ಆಮೇಲೆ ಮೂರನೇ ಆವರ್ತದ ಉಂಗುರ ಬೆರಳಿನ ಕೊನೆಯ ಮಾತ್ರೆಯಲ್ಲಿ. ಆಮೇಲೆ ಐದನೇ ಆವರ್ತದ ಮೊದಲ ಹುಸಿಯ ಎರಡನೇ ಮಾತ್ರೆಯಲ್ಲಿ. ಎಂಟನೇ ಆವರ್ತಕ್ಕೆ ಮತ್ತೆ ಸಮ. ಬೇರೆ ಯಾರೂ ಇಲ್ಲದ ಜಾಗದಲ್ಲೇ ಬೀಳುತ್ತೆ, ಏಳು ಆವರ್ತಕ್ಕೊಂದು ಸಲ ಮನೆಗೆ ಬರುತ್ತೆ.

ಬಾಣೇರ್ ಪಿಟೀಲು

ಹತ್ತೊಂಬತ್ತು ಸೆಕೆಂಡಿಗೊಂದು ಅಂತಿಟ್ಕೊಳ್ಳಿ, ಹತ್ತು ನಿಮಿಷಕ್ಕೆ ಮೂವತ್ತರ ಮೇಲೆ. ಉದ್ದದ ಸ್ವರ, ಒಬ್ಬಂಟಿ. ಮಡಗಾಂವ್ ಸರ್, ಇದು ನಿಮಗೆ.

ಮಡಗಾಂವ್ ಟ್ರಂಬೋನ್

ಮಾತ್ರೆ ಲೆಕ್ಕ ಹಾಕ್ತಾ ಕೂರೋದು ನನ್ನ ಹಣೆಬರಹ ಅನ್ನಿ. ಆಯ್ತು, ನುಡಿಸ್ತೇನೆ. ಟೀಚರ್, ಆ ಐದನೇ ಆವರ್ತದ ಹುಸಿಯ ಜಾಗ ಫೋನಿನಲ್ಲಿ ಒಮ್ಮೆ ಹೇಳಿಕೊಡ್ಬೇಕು ನೀವು. ಬಾಣೇರ್, ಪಾರ್ಟ್ ಬಾಸ್ ಕ್ಲೆಫ್‌ನಲ್ಲೇ ಕಳಿಸಿ, ಟೆನರ್ ಕ್ಲೆಫ್ ಬೇಡ. ಖಾಲಿ ಬಾರ್‌ಗಳ ಮೇಲೆ ಯೂರೋಪಾದ ಪೆಟ್ಟುಗಳನ್ನ ಸಣ್ಣ ಅಕ್ಷರದಲ್ಲಿ ಕ್ಯೂ ಹಾಕಿ, ಇಲ್ಲಾಂದ್ರೆ ನಾನು ಎಲ್ಲಿದ್ದೇನೆ ಅಂತ ನನಗೇ ಗೊತ್ತಾಗಲ್ಲ.